ಯಾವ ಕಡೆಗೆ ಗಟ್ಟಿ, ಯಾವ ಕಡೆಗೆ ಸಡಿಲ: ಮರ, ಪ್ಲೈವುಡ್, ಫೈಬರ್, ತಗಡಿನ ದಿಕ್ಕು ಗುರುತಿಸುವ ಕ್ರಮ

ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಉಡುಪಿ, ಮಂಗಳೂರಿನ ಮನೆಗಳಲ್ಲಿ ಮರದ ಬಾಗಿಲು ದಾರಂದಕ್ಕೆ ಕಚ್ಚತೊಡಗುತ್ತದೆ. ಎಲ್ಲಿ ಕಚ್ಚುತ್ತದೆ ಎಂದು ಗಮನಿಸಿ: ಹೆಚ್ಚಾಗಿ ಚಿಲಕದ ಬದಿಯಲ್ಲಿ, ಅಂದರೆ ಅಗಲದ ಕಡೆ. ಏಳಡಿ ಎತ್ತರದ ಬಾಗಿಲು ಮಳೆಗಾಲದಲ್ಲಿ ಎತ್ತರಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದು ಮಿಲಿಮೀಟರ್. ಅದೇ ಮರದ ಹಲಗೆಗಳನ್ನು ಸಾಲಾಗಿ ಅಂಟಿಸಿ ಮಾಡಿದ ಮೂರಡಿ ಅಗಲದ ಕದ ಅಗಲಕ್ಕೆ ಹತ್ತು ಮಿಲಿಮೀಟರ್ ದಾಟಿ ಹಿಗ್ಗಬಹುದು. ಮರ ಒಂದೇ, ಹೀರಿದ ತೇವವೂ ಒಂದೇ. ಬದಲಾದದ್ದು ದಿಕ್ಕು.

ಆದ್ದರಿಂದ ಯಾವುದೇ ಕೆಲಸಕ್ಕೆ ಸಾಮಾನು ಆರಿಸುವಾಗ "ಇದು ಎಷ್ಟು ಗಟ್ಟಿ?" ಎಂದಷ್ಟೇ ಕೇಳಿದರೆ ಸಾಲದು, "ಯಾವ ಕಡೆಗೆ?" ಎಂದೂ ಕೇಳಬೇಕು. ದಿಕ್ಕನ್ನು ಗುರುತಿಸುವುದು, ಅಳೆಯುವುದು, ಆಮೇಲೆ ಬಾಗಿಲು, ಪಕ್ಕಾಸು, ಶೆಲ್ಫ್, ದೋಣಿಯ ತೇಪೆ, ತಗಡಿನ ಪೆಟ್ಟಿಗೆಯಂಥ ಕೆಲಸಗಳಲ್ಲಿ ಅದನ್ನು ಬಳಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ದಿಕ್ಕಿನ ವ್ಯತ್ಯಾಸ ಬೇರೆ, ಜಾಗದ ವ್ಯತ್ಯಾಸ ಬೇರೆ

ಯಾವ ದಿಕ್ಕಿನಲ್ಲಿ ಅಳೆದರೂ ಗಟ್ಟಿತನ, ಹಿಗ್ಗುವಿಕೆ, ಶಾಖ ಹರಿಯುವ ಪ್ರಮಾಣ ಒಂದೇ ಬಂದರೆ ಆ ವಸ್ತು ಐಸೋಟ್ರೋಪಿಕ್. ಕಿಟಕಿಯ ಗಾಜು ಹೀಗೆ. ದಿಕ್ಕು ತಿರುಗಿಸಿದಂತೆ ಅಳತೆ ಬದಲಾದರೆ ಅನೈಸೋಟ್ರೋಪಿಕ್. ಮರ, ಬಿದಿರು, ಅಡಿಕೆ ಹಾಳೆ, ಕಾಗದ, ದೋಣಿಯ ಗಾಜಿನ ನಾರಿನ ಬಟ್ಟೆ ಎಲ್ಲ ಈ ಗುಂಪಿನವು. ಮರಕ್ಕೆ ಒಂದಕ್ಕೊಂದು ಲಂಬವಾದ ಮೂರು ದಿಕ್ಕುಗಳಲ್ಲಿ ಮೂರು ಬೇರೆ ಗುಣಗಳಿವೆ: ಕಾಂಡದ ಉದ್ದಕ್ಕೆ, ನಡುವಿನಿಂದ ತೊಗಟೆಯ ಕಡೆಗೆ, ಮತ್ತು ಉಂಗುರಗಳನ್ನು ಸವರಿಕೊಂಡು. ಇಂಥದ್ದಕ್ಕೆ ಆರ್ಥೋಟ್ರೋಪಿಕ್ ಎನ್ನುತ್ತಾರೆ.

ಇದನ್ನು ಜಾಗದಿಂದ ಜಾಗಕ್ಕೆ ಬರುವ ವ್ಯತ್ಯಾಸದ ಜೊತೆ ಬೆರೆಸಬಾರದು. ಮುರಕಲ್ಲನ್ನು (ಜಂಬಿಟ್ಟಿಗೆ) ನೋಡಿ. ಒಂದೇ ಕಲ್ಲಿನಲ್ಲಿ ಒಂದು ಕಡೆ ಕಬ್ಬಿಣದಂಶ ಕೂಡಿ ಗಟ್ಟಿಯಾಗಿರುತ್ತದೆ, ಪಕ್ಕದಲ್ಲೇ ಜೇಡಿ ತುಂಬಿದ ತೂತು ಇರುತ್ತದೆ. ಅಲ್ಲಿ ಮೊದಲ ಪ್ರಶ್ನೆ "ಎಲ್ಲಿ?" ಎಂಬುದು. ತೆಂಗಿನ ಕಾಂಡದಲ್ಲಿ ಎರಡೂ ಒಟ್ಟಿಗೆ ಇವೆ. ನಾರು ಉದ್ದಕ್ಕೆ ಓಡುವುದರಿಂದ ಉದ್ದಕ್ಕೂ ಅಡ್ಡಕ್ಕೂ ಭಾರೀ ಅಂತರ. ಜೊತೆಗೆ ಹೊರಭಾಗ ಘನಮೀಟರಿಗೆ 600 ಕೆ.ಜಿ.ಗಿಂತ ಹೆಚ್ಚು ತೂಗಿದರೆ ನಡುಭಾಗ 400 ಕೆ.ಜಿ.ಗಿಂತಲೂ ಹಗುರ. ತೆಂಗಿನ ಮರದ ನಡುಭಾಗವನ್ನು ಜಂತಿಗೆ ಹಾಕಿ ಅದು ಬಾಗಿದರೆ ತಪ್ಪು ದಿಕ್ಕಿನದಲ್ಲ, ಜಾಗದ್ದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರಷ್ಟೇ ಪರಿಹಾರ ಸರಿಯಾಗಿ ಸಿಗುತ್ತದೆ.

ಯಾವ ಅಳತೆಯಲ್ಲಿ ನೋಡುತ್ತೇವೆ ಎಂಬುದೂ ಮುಖ್ಯ. ಕಬ್ಬಿಣದ ಒಂಟಿ ಹರಳನ್ನು ಘನಾಕೃತಿಯ ಅಂಚಿನ ದಿಕ್ಕಿಗೆ ಎಳೆದರೆ ಅದರ ಬಿಗುವು, ಅಂದರೆ ಹಿಗ್ಗದೆ ಬಾಗದೆ ತಡೆಯುವ ಗುಣ, ಸುಮಾರು 130 ಗಿಗಾಪಾಸ್ಕಲ್, ಮೂಲೆಯಿಂದ ಮೂಲೆಗೆ ಎಳೆದರೆ ಸುಮಾರು 280. ಆದರೂ ಉಕ್ಕಿನ ಸರಳು ಎಲ್ಲ ಕಡೆಗೂ ಸುಮಾರು 200 ತೋರಿಸುತ್ತದೆ, ಯಾಕೆಂದರೆ ಅದರೊಳಗೆ ಕೋಟ್ಯಂತರ ಹರಳುಗಳು ಅಡ್ಡಾದಿಡ್ಡಿ ಕೂತು ಸರಾಸರಿಯಾಗಿವೆ. ಮಲ್ಪೆಯಾಚೆಗಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇದರ ಉಲ್ಟಾ ಕಾಣುತ್ತದೆ. ಅಂಗೈಯಗಲದ ಕಲ್ಲಿನ ಚೂರಿನಲ್ಲಿ ದಿಕ್ಕು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದರೆ ಲಾವಾ ತಣಿದು ಕುಗ್ಗುವಾಗ ತಣಿಯುವ ಮುಖಕ್ಕೆ ಲಂಬವಾಗಿ ಬಿರುಕು ಬಿಟ್ಟದ್ದರಿಂದ ಇಡೀ ಬಂಡೆ ಕಂಬಕಂಬವಾಗಿ ನಿಂತಿದೆ. ಚೂರಿನ ಮಟ್ಟದಲ್ಲಿ ಸಮ, ಬಂಡೆಯ ಮಟ್ಟದಲ್ಲಿ ದಿಕ್ಕುಳ್ಳದ್ದು.

ಇನ್ನೊಂದು ಮಾತು. ಒಂದು ಗುಣದಲ್ಲಿ ಸಮವಾಗಿರುವ ವಸ್ತು ಇನ್ನೊಂದರಲ್ಲಿ ಹಾಗಿರಲೇಬೇಕೆಂದಿಲ್ಲ. ಪ್ಲೈವುಡ್ ಹಾಳೆ ಮಳೆಗಾಲದಲ್ಲಿ ಉದ್ದಕ್ಕೂ ಅಗಲಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಅದೂ ತೀರಾ ಸ್ವಲ್ಪ, ಹಿಗ್ಗುತ್ತದೆ. ಬಾಗುವ ವಿಷಯಕ್ಕೆ ಬಂದರೆ ಅದೇ ಹಾಳೆಗೆ ಎರಡು ದಿಕ್ಕಿನಲ್ಲಿ ಎರಡು ಸ್ವಭಾವ.

ಮನೆಯಲ್ಲೇ ದಿಕ್ಕು ಕಂಡುಹಿಡಿಯುವ ಪರೀಕ್ಷೆಗಳು

ಅತಿ ಸುಲಭದ್ದು ಹರಿಯುವ ಪರೀಕ್ಷೆ. ದಿನಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೇರ ಗೆರೆ ಬರುತ್ತದೆ, ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗಿ ಓರೆ ಹೋಗುತ್ತದೆ. ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೆ ಹೆಚ್ಚು ಸಾಲುಗೊಳ್ಳುವುದೇ ಕಾರಣ. ರಟ್ಟು, ದಪ್ಪ ಕಾಗದಗಳಲ್ಲಿ ಹರಿಯಲು ಮನಸ್ಸಿಲ್ಲದಿದ್ದರೆ ಒಂದು ಚಿಕ್ಕ ಚೌಕದ ಒಂದೇ ಮುಖಕ್ಕೆ ನೀರು ಸವರಿ. ಅದು ಸುರುಳಿಗೊಳ್ಳುತ್ತದೆ. ಸುರುಳಿಯ ಕೊಳವೆ ಯಾವ ಕಡೆಗೆ ಚಾಚಿದೆಯೋ ನಾರಿನ ದಿಕ್ಕು ಅದು.

ಅಡಿಕೆ ಹಾಳೆಯನ್ನು ಒಣಗಿದ ಸ್ಥಿತಿಯಲ್ಲಿ ನಾರಿಗೆ ಸಮಾಂತರವಾಗಿ ಮಡಚಿದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ನಾರುಗಳನ್ನು ಅಡ್ಡಕ್ಕೆ ಹಿಡಿದಿಡುವ ಭಾಗ ದುರ್ಬಲವಾಗಿರುವುದರಿಂದ ಹೀಗಾಗುತ್ತದೆ. ನೆನೆಸಿದ ಮೇಲೆ ಅದೇ ಭಾಗ ಮೆದುವಾಗಿ ಬಾಗುತ್ತದೆ. ಹಾಳೆ ತಟ್ಟೆ ಒತ್ತುವ ಮೊದಲು ಹಾಳೆ ನೆನೆಸುವುದು ಇದಕ್ಕೇ. ತಟ್ಟೆಯಲ್ಲಿ ಬಿರುಕು ಬಂದರೆ ಅದು ನಾರಿನ ಉದ್ದಕ್ಕೇ ಬಂದಿರುತ್ತದೆ, ನೋಡಿ.

ಮರಕ್ಕೆ ಶಾಯಿ ಪರೀಕ್ಷೆ. ನಯವಾಗಿ ಕೀಸಿದ ಮುಖದ ಮೇಲೆ ತೆಳುವಾದ ಶಾಯಿಯ ಒಂದು ಹನಿ ಬಿಡಿ. ಶಾಯಿ ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಗೆರೆಗೆರೆಯಾಗಿ ಓಡುತ್ತದೆ. ಹಲಗೆಯ ಮೇಲೆ ಕಾಣುವ ಚೆಂದದ ಪಟ್ಟೆಗಳು ಉಂಗುರಗಳ ಗೆರೆಗಳು, ಎಳೆಯ ನಿಜವಾದ ದಿಕ್ಕು ಅವಕ್ಕಿಂತ ಓರೆಯಾಗಿರಬಹುದು. ತುಂಬ ಜನ ಎಡವುವುದು ಇಲ್ಲಿಯೇ. ಒಣಗುವಾಗ ಬಿದ್ದ ಸಣ್ಣ ಬಿರುಕುಗಳಿದ್ದರೆ ಅವು ಎಳೆಯ ದಿಕ್ಕನ್ನು ಪ್ರಾಮಾಣಿಕವಾಗಿ ತೋರಿಸುತ್ತವೆ.

ಶಾಖ ಹರಿಯುವ ದಿಕ್ಕನ್ನು ಕಣ್ಣಾರೆ ನೋಡಬೇಕಿದ್ದರೆ ಮೇಣ ಸಾಕು. 3 ಮಿ.ಮೀ. ದಪ್ಪದ ಮರದ ತೆಳು ಹಲಗೆಗೆ ಮೇಣದಬತ್ತಿಯನ್ನು ಸಮವಾಗಿ, ತೆಳುವಾಗಿ ಉಜ್ಜಿ. ಮಧ್ಯದಲ್ಲಿ ಮೊಳೆ ಹೋಗುವಷ್ಟು ತೂತು ಮಾಡಿ, ಕಾಯಿಸಿದ ದಪ್ಪ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ತೂತಿಗೆ ಇಳಿಸಿ. ಮೇಣ ಕರಗಿದ ಅಂಚು ಎಳೆಯ ಉದ್ದಕ್ಕೆ ಚಾಚಿದ ಅಂಡಾಕಾರವಾಗುತ್ತದೆ. ತೆಳು ಉಕ್ಕಿನ ತಗಡಿನಲ್ಲಿ ಇದನ್ನೇ ಮಾಡಿದರೆ ಅಂಚು ವೃತ್ತ. ಅಂಡದ ಉದ್ದವನ್ನು ಅಗಲದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಎರಡು ದಿಕ್ಕಿನ ಶಾಖವಾಹಕತೆಯ ಅನುಪಾತ ಸಿಗುತ್ತದೆ. ಮರದಲ್ಲಿ ಎಳೆಯ ಉದ್ದಕ್ಕೆ ಶಾಖ ಅಡ್ಡಕ್ಕಿಂತ ಸುಮಾರು 1.8 ಪಟ್ಟು ಚೆನ್ನಾಗಿ ಹರಿಯುವುದರಿಂದ ಅಂಡದ ಉದ್ದ ಅಗಲಕ್ಕಿಂತ ಮೂರನೇ ಒಂದರಷ್ಟು ಹೆಚ್ಚಿರಬೇಕು. ಮೊಳೆ ತುಂಬ ಕೆಂಪಗೆ ಕಾಯ್ದರೆ ಮರ ಸುಟ್ಟು ಅಳತೆ ಕೆಡುತ್ತದೆ. ಮೇಣ ಒಂದು ಕಡೆ ದಪ್ಪವಾದರೆ ಅಂಡ ಸೊಟ್ಟಗಾಗುತ್ತದೆ.

ಬಾಗುವಿಕೆಯನ್ನು ಅಂಕಿಯಲ್ಲಿ ಅಳೆಯುವುದು

ದಿಕ್ಕು ಗೊತ್ತಾದ ಮೇಲೆ ವ್ಯತ್ಯಾಸ ಎಷ್ಟು ಎಂದು ತಿಳಿಯಲು ಈ ಪರೀಕ್ಷೆ. ಬೇಕಾದದ್ದು ಎರಡು ಸಮ ಎತ್ತರದ ಆಧಾರ, ಸ್ಟೀಲ್ ಸ್ಕೇಲು, ವರ್ನಿಯರ್ ಕ್ಯಾಲಿಪರ್, ತೂಗಿದ ನೀರಿನ ಬಾಟ್ಲಿ.

1. ಒಂದೇ ಹಾಳೆಯಿಂದ 50 ಮಿ.ಮೀ. ಅಗಲದ, 560 ಮಿ.ಮೀ. ಉದ್ದದ ಮೂರು ಪಟ್ಟಿ ಕತ್ತರಿಸಿ: ಎಳೆಯ ಉದ್ದಕ್ಕೆ, ಅಡ್ಡಕ್ಕೆ, 45 ಡಿಗ್ರಿ ಓರೆಯಾಗಿ. ಕತ್ತರಿಸುವ ಮೊದಲೇ ಹಾಳೆಯ ಮೇಲೆ ಬಾಣದ ಗುರುತು ಎಳೆಯಿರಿ. ಕತ್ತರಿಸಿದ ಮೇಲೆ ನೆನಪಿನಿಂದ ಬರೆದ ಗುರುತನ್ನು ನಂಬುವಂತಿಲ್ಲ.
2. ಆಧಾರಗಳ ನಡುವೆ ಸರಿಯಾಗಿ 500 ಮಿ.ಮೀ. ಬಿಟ್ಟು ಪಟ್ಟಿ ಇಡಿ. ನಡುಭಾಗದ ಎತ್ತರ ಅಳೆಯಿರಿ.
3. ನಡುವೆ ತೂಕ ನೇತುಹಾಕಿ. ಅರ್ಧ ನಿಮಿಷ ಬಿಟ್ಟು ಎಷ್ಟು ಕೆಳಗಿಳಿಯಿತು ಎಂದು ನೋಡಿ. ಎಲ್ಲ ಪಟ್ಟಿಗೂ ಅದೇ ಅರ್ಧ ನಿಮಿಷ, ಯಾಕೆಂದರೆ ಮರ ಭಾರ ಹೊತ್ತಷ್ಟು ಹೊತ್ತೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ.
4. ಬಿಗುವು ಲೆಕ್ಕ ಹಾಕಿ: ಭಾರವನ್ನು ನ್ಯೂಟನ್‌ನಲ್ಲಿ ತೆಗೆದುಕೊಂಡು ಅಂತರದ ಘನದಿಂದ ಗುಣಿಸಿ, ಅದನ್ನು 4 × ಅಗಲ × ದಪ್ಪದ ಘನ × ಇಳಿತದಿಂದ ಭಾಗಿಸಿ. ಎಲ್ಲ ಅಳತೆ ಮಿಲಿಮೀಟರಿನಲ್ಲಿದ್ದರೆ ಉತ್ತರ ಮೆಗಾಪಾಸ್ಕಲ್‌ನಲ್ಲಿ ಬರುತ್ತದೆ.

ಮೂರು ಪದರದ 6 ಮಿ.ಮೀ. ಪ್ಲೈವುಡ್ಡಿನ ಉದ್ದದ ಪಟ್ಟಿಗೆ 1 ಕೆ.ಜಿ., ಅಂದರೆ 9.81 ನ್ಯೂಟನ್, ಹಾಕಿ 3.5 ಮಿ.ಮೀ. ಇಳಿದರೆ ಬಿಗುವು ಸುಮಾರು 8000 ಮೆಗಾಪಾಸ್ಕಲ್. ಅಡ್ಡ ಪಟ್ಟಿ ಅಷ್ಟೇ ಭಾರಕ್ಕೆ 30 ಮಿ.ಮೀ. ದಾಟುವ ಸಾಧ್ಯತೆ ಇರುವುದರಿಂದ ಅದಕ್ಕೆ 200 ಗ್ರಾಂ ಸಾಕು. ಇಳಿತ ಅಂತರದ ಐವತ್ತರಲ್ಲಿ ಒಂದು ಭಾಗ, ಇಲ್ಲಿ 10 ಮಿ.ಮೀ., ದಾಟದಂತೆ ನೋಡಿಕೊಳ್ಳಿ.

ಈ ಪರೀಕ್ಷೆ ಕೆಡುವುದು ಬಹುತೇಕ ದಪ್ಪದ ಅಳತೆಯಲ್ಲಿ. ದಪ್ಪ ಘನವಾಗಿ ಲೆಕ್ಕಕ್ಕೆ ಬರುವುದರಿಂದ 5.5 ಮಿ.ಮೀ. ಇರುವ ಹಾಳೆಯನ್ನು ಬಿಲ್ಲಿನಲ್ಲಿ ಬರೆದಂತೆ 6 ಎಂದು ಹಿಡಿದರೆ ಉತ್ತರ ಶೇ. 23ರಷ್ಟು ಕಡಿಮೆ ಬರುತ್ತದೆ. ಪ್ರತಿ ಪಟ್ಟಿಯನ್ನೂ ಮೂರು ಕಡೆ ಕ್ಯಾಲಿಪರಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಪಟ್ಟಿಗಳನ್ನು ಒಂದೇ ಕೋಣೆಯಲ್ಲಿ ಕೆಲವು ದಿನ ಇಟ್ಟು ತೇವ ಸಮವಾದ ಮೇಲೆಯೇ ಅಳೆಯಿರಿ. ಒಂದು ಪಟ್ಟಿ ಬಿಸಿಲಲ್ಲಿ, ಇನ್ನೊಂದು ಒರತೆ ಗೋಡೆಗೆ ತಾಗಿ ಇದ್ದರೆ ನೀವು ಅಳೆಯುವುದು ತೇವದ ವ್ಯತ್ಯಾಸವನ್ನು.

ಮರದ ಬಾಗಿಲು: ಮಳೆಗಾಲದ ಲೆಕ್ಕ

ಕರಾವಳಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಗಾಳಿಯ ಆರ್ದ್ರತೆ ಶೇ. 65ರ ಆಸುಪಾಸಿಗೆ ಇಳಿಯುತ್ತದೆ. ಆಗ ಮರದೊಳಗಿನ ತೇವಾಂಶ ಶೇ. 12ರ ಹತ್ತಿರ ನಿಲ್ಲುತ್ತದೆ. ಜುಲೈಯಲ್ಲಿ ಆರ್ದ್ರತೆ ಶೇ. 90ರ ಹತ್ತಿರ, ಮರ ನಿಧಾನವಾಗಿ ಶೇ. 18ರ ಕಡೆಗೆ ಏರುತ್ತದೆ. ಅಂದರೆ ವರ್ಷಕ್ಕೊಮ್ಮೆ ಸುಮಾರು 6 ಅಂಶದ ಏರಿಳಿತ.

ಹಸಿ ಮರ ಪೂರ್ತಿ ಒಣಗುವಾಗ ಸಾಗುವಾನಿ ಉಂಗುರ ಸವರುವ ದಿಕ್ಕಿಗೆ ಸುಮಾರು ಶೇ. 5.8, ನಡುವಿನಿಂದ ತೊಗಟೆಯ ದಿಕ್ಕಿಗೆ ಸುಮಾರು ಶೇ. 2.5 ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚಿನ ಮರಗಳಲ್ಲಿ ಶೇ. 0.1ರಿಂದ 0.2 ಮಾತ್ರ. ಈ ಕುಗ್ಗುವಿಕೆ ತೇವಾಂಶ ಸುಮಾರು ಶೇ. 28ಕ್ಕೆ ಇಳಿದ ಮೇಲೆ ಶುರುವಾಗುತ್ತದೆ. ಅದಕ್ಕಿಂತ ಮೇಲೆ ಹೋಗುವುದು ಜೀವಕೋಶದ ಟೊಳ್ಳಿನಲ್ಲಿದ್ದ ನೀರು. ಹಾಗಾಗಿ ತೇವದ ಒಂದೊಂದು ಅಂಶಕ್ಕೆ ಒಂದು ದಿಕ್ಕಿಗೆ ಶೇ. 0.21, ಇನ್ನೊಂದು ದಿಕ್ಕಿಗೆ ಶೇ. 0.09.

200 ಮಿ.ಮೀ. ಅಗಲದ ಹಲಗೆಯ ತುದಿ ನೋಡಿ. ಉಂಗುರಗಳು ಹಲಗೆಯ ಅಗಲದುದ್ದಕ್ಕೆ ಮಲಗಿದ್ದರೆ 6 ಅಂಶಕ್ಕೆ 2.5 ಮಿ.ಮೀ. ಹಿಗ್ಗುತ್ತದೆ. ಉಂಗುರಗಳು ಮೇಲಿಂದ ಕೆಳಕ್ಕೆ ನಿಂತಿದ್ದರೆ 1.1 ಮಿ.ಮೀ. ಮಾತ್ರ. ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆಗಳ ನಡುವೆ ಇಷ್ಟು ಅಂತರ. ಮಿಲ್ಲಿನಲ್ಲಿ ದಿಮ್ಮಿ ಕೊಯ್ಯಿಸುವಾಗ ಆಚಾರ್ರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಾಗಿಲಿನ ಉದ್ದ ಪಟ್ಟಿಗಳಿಗೆ ಉಂಗುರ ನಿಂತ ಹಲಗೆಗಳನ್ನೇ ತೆಗೆದಿರಿಸಿ. ದಿಮ್ಮಿಯಲ್ಲಿ ಸ್ವಲ್ಪ ಹೆಚ್ಚು ಮರ ವ್ಯರ್ಥವಾಗುತ್ತದೆ, ಆದರೆ ಕದಕ್ಕೆ ಅದು ತಕ್ಕ ಬೆಲೆ.

ಉಂಗುರ ಮಲಗಿದ ಹಲಗೆಗೆ ಇನ್ನೊಂದು ಚಾಳಿ ಇದೆ: ಬಟ್ಟಲಾಗುವುದು. ಒಣಗುವಾಗ ತೊಗಟೆಯ ಕಡೆಯ ಮುಖ ಒಳಕ್ಕೆ ತಗ್ಗುತ್ತದೆ, ಯಾಕೆಂದರೆ ಆ ಮುಖದಲ್ಲಿ ಹೆಚ್ಚು ಕುಗ್ಗುವ ದಿಕ್ಕೇ ಅಗಲದುದ್ದಕ್ಕೆ ಇರುತ್ತದೆ. ತೇವ ಹೀರಿದಾಗ ಇದರ ತಿರುವು ಮುರುವು. ಚೌಕವಾಗಿ ಕೀಸಿದ ಹಸಿ ಕಂಬ ಒಣಗಿದ ಮೇಲೆ ಓರೆ ಚೌಕವಾಗುವುದೂ ಇದೇ ಕಾರಣಕ್ಕೆ.

ಈಗ ಕದ. 900 ಮಿ.ಮೀ. ಅಗಲವನ್ನು ಉಂಗುರ ಮಲಗಿದ ಹಲಗೆಗಳನ್ನು ಅಂಟಿಸಿ ತುಂಬಿಸಿದರೆ 11 ಮಿ.ಮೀ. ಏರಿಳಿತ, ಅದನ್ನು ತಾಳುವ ದಾರಂದ ಇಲ್ಲ. ಅದಕ್ಕಾಗಿಯೇ ಚೌಕಟ್ಟು ಮತ್ತು ತೇಲುವ ಪ್ಯಾನಲ್ ಎಂಬ ಹಳೆಯ ಕ್ರಮ, ಅಂದರೆ ನಡುವಿನ ಹಲಗೆಯನ್ನು ಅಂಟಿಸದೆ ಚೌಕಟ್ಟಿನೊಳಗೆ ಸಡಿಲವಾಗಿ ಕೂರಿಸುವುದು. ಎರಡು ಬದಿಯ 100 ಮಿ.ಮೀ. ಉದ್ದ ಪಟ್ಟಿಗಳು ಮಾತ್ರ ಅಗಲಕ್ಕೆ ಹಿಗ್ಗುತ್ತವೆ, ಅಡ್ಡ ಪಟ್ಟಿಗಳು ತಮ್ಮ ಉದ್ದದ ದಿಕ್ಕಿನಲ್ಲಿರುವುದರಿಂದ ಅಲ್ಲಾಡುವುದಿಲ್ಲ. ಒಟ್ಟು ಬದಲಾವಣೆ ಒಂದರಿಂದ ಎರಡೂವರೆ ಮಿ.ಮೀ.ಗೆ ಇಳಿಯಿತು.

300 ಮಿ.ಮೀ. ಅಗಲದ ಪ್ಯಾನಲ್ಲಿಗೆ ಹೆಚ್ಚೆಂದರೆ 3.8 ಮಿ.ಮೀ. ಓಡಾಟ. ಪಟ್ಟಿಯಲ್ಲಿ 12 ಮಿ.ಮೀ. ಆಳದ ಗ್ರೂವ್ ಹೊಡೆದು, ಪ್ಯಾನಲ್ಲಿನ ಅಂಚು 9 ಮಿ.ಮೀ. ಒಳಗೆ ಹೋಗುವಂತೆ ಅಳೆಯಿರಿ. ಎರಡೂ ಬದಿ 3 ಮಿ.ಮೀ. ಖಾಲಿ ಉಳಿಯುತ್ತದೆ. ಪ್ಯಾನಲ್ಲಿನ ಅಂಚಿಗೆ ಅಂಟು ಹಾಕಬೇಡಿ. ಬೇಕಿದ್ದರೆ ಮೇಲೆ ಕೆಳಗೆ ಸರಿಯಾಗಿ ನಡುವಿನಲ್ಲಿ ಒಂದೊಂದು ಸಣ್ಣ ಮೊಳೆ ಹೊಡೆಯಬಹುದು, ಆಗ ಎರಡೂ ಕಡೆಗೆ ಸಮವಾಗಿ ಸರಿಯುತ್ತದೆ. ಜೋಡಿಸುವ ಮೊದಲೇ ಪ್ಯಾನಲ್ಲಿಗೆ ಪಾಲಿಶ್ ಹಾಕಿ. ಜೋಡಿಸಿದ ಮೇಲೆ ಹಾಕಿದರೆ ಜನವರಿಯಲ್ಲಿ ಪ್ಯಾನಲ್ ಕುಗ್ಗಿ ಅಂಚಿನಲ್ಲಿ ಬಣ್ಣವಿಲ್ಲದ ಗೆರೆ ಕಾಣುತ್ತದೆ. ಜೊತೆಗೆ ಪಾಲಿಶ್ ಗ್ರೂವಿನಲ್ಲಿ ಇಳಿದು ಗಟ್ಟಿಯಾಗಿ ಅಂಟಿನ ಕೆಲಸ ಮಾಡಿ, ಪ್ಯಾನಲ್ ಸರಿಯಲಾಗದೆ ನಡುವೆ ಸೀಳುತ್ತದೆ.

ಕದ ಕೂರಿಸುವ ಕಾಲವನ್ನೂ ಲೆಕ್ಕಕ್ಕೆ ತನ್ನಿ. ಬೇಸಗೆಯಲ್ಲಿ ಕೂರಿಸುವುದಾದರೆ ಚಿಲಕದ ಬದಿಗೆ 3 ಮಿ.ಮೀ. ಸಂದು ಬಿಡಿ. ಆಗಸ್ಟ್‌ನಲ್ಲಿ ಕೂರಿಸಿದರೆ ಒಂದೂವರೆ ಮಿ.ಮೀ. ಸಾಕು, ಮುಂದೆ ಅದು ದೊಡ್ಡದಾಗುವುದೇ ಹೊರತು ಚಿಕ್ಕದಾಗದು. ಜುಲೈಯಲ್ಲಿ ಕಚ್ಚುತ್ತದೆಂದು ಆಗಲೇ ಧಾರಾಳವಾಗಿ ಕೀಸಿಬಿಟ್ಟರೆ ಜನವರಿಯಲ್ಲಿ ಬೆರಳು ತೂರುವ ಸಂದು ಉಳಿಯುತ್ತದೆ. ಕಚ್ಚುವುದು ಮೇಲಿನ ಅಂಚಿನಲ್ಲಾದರೆ ಕೀಸುಳಿ ಮುಟ್ಟಲೇಬೇಡಿ: ಮರ ಉದ್ದಕ್ಕೆ ಅಷ್ಟು ಹಿಗ್ಗುವುದಿಲ್ಲ, ಸಡಿಲಾದದ್ದು ಮೇಲಿನ ಹಿಂಜಿನ ಸ್ಕ್ರೂ.

ಕೊನೆಗೆ ತುದಿಗಳು. ಎಳೆ ಕತ್ತರಿಸಿದ ತುದಿಯಲ್ಲಿ ನೀರು ಪಕ್ಕದ ಮುಖಕ್ಕಿಂತ 10ರಿಂದ 15 ಪಟ್ಟು ವೇಗವಾಗಿ ಒಳಗಿಳಿಯುತ್ತದೆ. ಕದದ ಕೆಳ ಅಂಚು ಯಾರಿಗೂ ಕಾಣದ ಕಾರಣ ಬಣ್ಣವಿಲ್ಲದೆ ಉಳಿಯುತ್ತದೆ, ಜಗಲಿಗೆ ಸಿಡಿದ ಮಳೆನೀರನ್ನು ಕುಡಿಯುವುದೂ ಅದೇ ಅಂಚು. ಕದ ನೇತುಹಾಕುವ ಮೊದಲು ಮಲಗಿಸಿ, ಮೇಲೆ ಕೆಳಗಿನ ತುದಿಗಳಿಗೆ ಮೂರು ಕೋಟು ಹಾಕಿ, ಒಂದೊಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ದಿಮ್ಮಿ ಕಡಿದು ಹಾಕಿದಾಗಲೂ ಹಾಗೆಯೇ: ಎರಡೂ ತುದಿಗೆ ದಪ್ಪ ಬಣ್ಣವನ್ನೋ ಮೇಣವನ್ನೋ ಬಳಿಯದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ.

ಪಕ್ಕಾಸು, ಜಂತಿ: ಓರೆ ಎಳೆಯ ನಷ್ಟ

ಹಂಚಿನ ಮಾಡಿನ ಪಕ್ಕಾಸಿಗೆ ಮರ ಆರಿಸುವಾಗ ಜನ ಗಂಟು ನೋಡುತ್ತಾರೆ, ಎಳೆಯ ಓರೆಯನ್ನು ನೋಡುವುದಿಲ್ಲ. ಶಾಯಿ ಪರೀಕ್ಷೆ ಮಾಡಿ ಅಂಚಿಗೆ ಹೋಲಿಸಿ ಎಳೆ ಎಷ್ಟು ಓರೆ ಹೋಗುತ್ತದೆ ಎಂದು ಅಳೆಯಿರಿ. 20 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ. ಓರೆ ಇದ್ದರೆ ಬಾಗುವ ಶಕ್ತಿಯಲ್ಲಿ ಶೇ. 93 ಉಳಿದಿದೆ. 10 ಸೆಂ.ಮೀ.ಗೆ 1 ಇದ್ದರೆ ಶೇ. 81. 5 ಸೆಂ.ಮೀ.ಗೆ 1 ಇದ್ದರೆ ಶೇ. 55 ಮಾತ್ರ, ಅರ್ಧದಷ್ಟು ಮರಕ್ಕೆ ಪೂರ್ತಿ ದುಡ್ಡು ಕೊಟ್ಟಂತಾಯಿತು. ಎಳೆಗೆ ಅಡ್ಡವಾಗಿ ಎಳೆದರೆ ಮರದ ತಾಳಿಕೆ ಉದ್ದದ ತಾಳಿಕೆಯ ಇಪ್ಪತ್ತರಲ್ಲಿ ಒಂದು ಭಾಗವೂ ಇರುವುದಿಲ್ಲ, ಸಣ್ಣ ಓರೆಯೂ ಇಷ್ಟು ನಷ್ಟ ತರುವುದು ಅದರಿಂದ. ಹತ್ತಕ್ಕೆ ಒಂದಕ್ಕಿಂತ ಹೆಚ್ಚು ಓರೆ ಇರುವುದನ್ನು ಭಾರ ಹೊರುವ ಜಾಗಕ್ಕೆ ಹಾಕಬೇಡಿ, ರೀಪಿಗೂ ಬೇಡ. ಚಿಕ್ಕ ಪೆಟ್ಟಿಗೆ, ಸ್ಟೂಲಿನಂಥ ಕೆಲಸಕ್ಕೆ ಇಟ್ಟುಕೊಳ್ಳಿ.

ಸ್ಕ್ರೂ ವಿಷಯ ಒಂದೇ ಮಾತಿನಲ್ಲಿ: ತುದಿಯ ಎಳೆಗೆ ಹಾಕಿದ ಸ್ಕ್ರೂವಿನ ಹಿಡಿತ ಪಕ್ಕದ ಮುಖಕ್ಕೆ ಹಾಕಿದ್ದರ ಮುಕ್ಕಾಲು ಪಾಲು ಮಾತ್ರ, ಅದೂ ಮರ ಸೀಳದಿದ್ದರೆ.

ಪ್ಲೈವುಡ್ ಕತ್ತರಿಸುವಾಗ

ಎಂಟಡಿಗೆ ನಾಲ್ಕಡಿ ಹಾಳೆಯಲ್ಲಿ ಮೇಲ್ಪದರದ ಎಳೆ ಸಾಮಾನ್ಯವಾಗಿ ಎಂಟಡಿಯ ದಿಕ್ಕಿಗೆ ಓಡುತ್ತದೆ. ಮೂರು ಸಮ ಪದರದ ಹಾಳೆ ಆ ದಿಕ್ಕಿಗೆ ಅಡ್ಡ ದಿಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬಿಗು. ಐದು ಪದರದ್ದರಲ್ಲಿ ಅಂತರ ಸುಮಾರು ಮೂರು ಪಟ್ಟಿಗೆ ಇಳಿಯುತ್ತದೆ. ಪದರ ಹೆಚ್ಚಿದಂತೆ ಇನ್ನೂ ಕಡಿಮೆ. ಬಾಗುವಾಗ ಕೆಲಸ ಮಾಡುವುದು ಮುಖ್ಯವಾಗಿ ಹೊರ ಪದರಗಳು, ಆದ್ದರಿಂದ ಹೀಗೆ. ಶೆಲ್ಫ್, ಅಟ್ಟ, ಮಂಚದ ಹಲಗೆಗೆ ಮೇಲ್ಪದರದ ಎಳೆ ಒಂದು ಆಧಾರದಿಂದ ಇನ್ನೊಂದು ಆಧಾರದ ಕಡೆಗೆ ಓಡಬೇಕು. ಹಾಳೆ ಉಳಿಸಲು ಕಟಿಂಗ್ ಪ್ಲಾನಿನಲ್ಲಿ ತುಂಡುಗಳನ್ನು ಅಡ್ಡ ತಿರುಗಿಸುವುದು ರೂಢಿ. ಪುಸ್ತಕದ ಶೆಲ್ಫ್ ವರ್ಷದೊಳಗೆ ನಡು ಬಾಗುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಬ್ಲಾಕ್ ಬೋರ್ಡಿನಲ್ಲಿ ಒಳಗಿನ ಮರದ ಪಟ್ಟಿಗಳು ಯಾವ ಕಡೆಗಿವೆ ಎಂದು ಅಂಚಿನಲ್ಲಿ ನೋಡಿ, ಅವು ಉದ್ದಕ್ಕೆ ಬರಲಿ. ಎಂಡಿಎಫ್ (ಮರದ ಸಣ್ಣ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಾಳೆ ಉದ್ದ ಅಗಲಕ್ಕೆ ಸಮ, ದಪ್ಪದ ದಿಕ್ಕಿಗೆ ದುರ್ಬಲ: ಅಂಚಿಗೆ ಸ್ಕ್ರೂ ತಿರುಗಿಸಿದರೆ ಪದರ ಬಿಡುತ್ತದೆ.

ಫೈಬರ್ ದೋಣಿಯ ತೇಪೆ

ಮಲ್ಪೆ, ಮಂಗಳೂರಿನ ಬಂದರಿನಲ್ಲಿ ಫೈಬರ್ ದೋಣಿ ರಿಪೇರಿಗೆ ಎರಡು ಬಗೆಯ ಗಾಜಿನ ನಾರು ಬಳಸುತ್ತಾರೆ. ಮ್ಯಾಟ್‌ನಲ್ಲಿ ತುಂಡು ನಾರುಗಳು ಎಲ್ಲ ಕಡೆಗೂ ಚೆಲ್ಲಿರುತ್ತವೆ, ಹಾಗಾಗಿ ಹಾಳೆಯೊಳಗೆ ಎಲ್ಲ ದಿಕ್ಕಿಗೂ ಸಮ, ಆದರೆ ಬಿಗುವು 7 ಗಿಗಾಪಾಸ್ಕಲ್ ಆಸುಪಾಸು. ವೋವನ್ ರೋವಿಂಗ್‌ನಲ್ಲಿ ನೂಲುಗಳು ಹಾಸು ಹೊಕ್ಕಾಗಿ ಇರುವುದರಿಂದ ಆ ಎರಡು ದಿಕ್ಕಿಗೆ 14ರಿಂದ 15. 45 ಡಿಗ್ರಿ ಓರೆಯಲ್ಲಿ ಎಳೆದರೆ ಸುಮಾರು ಅರ್ಧಕ್ಕೆ ಬೀಳುತ್ತದೆ. ಎಲ್ಲ ನಾರೂ ಒಂದೇ ಕಡೆ ಇರುವ ಬಟ್ಟೆಯಾದರೆ ಉದ್ದಕ್ಕೆ 39ರ ಹತ್ತಿರ, ಅಡ್ಡಕ್ಕೆ 8ರಿಂದ 9. ಅದನ್ನು ಹಾಸುವಾಗ ಬರೀ 10 ಡಿಗ್ರಿ ಸೊಟ್ಟಗಾದರೆ ಐದರಲ್ಲಿ ಒಂದು ಪಾಲು ಬಿಗುವು ಹೋಯಿತು, 30 ಡಿಗ್ರಿ ಆದರೆ 15ಕ್ಕೆ ಇಳಿಯಿತು. ಸೊಟ್ಟ ಹಾಸಿದ ದುಬಾರಿ ಬಟ್ಟೆಗಿಂತ ನೇರ ಹಾಸಿದ ಅಗ್ಗದ ಬಟ್ಟೆ ಮೇಲು.

6 ಮಿ.ಮೀ. ದಪ್ಪದ ಹೊರಮೈಯಲ್ಲಿ ತೂತಾಗಿದ್ದರೆ ಅಂಚನ್ನು ಸುತ್ತಲೂ ಇಳಿಜಾರಾಗಿ ಉಜ್ಜಿ. ದಪ್ಪದ 12 ಪಟ್ಟು, ಅಂದರೆ 72 ಮಿ.ಮೀ. ಅಗಲಕ್ಕೆ ಇಳಿಜಾರು ಬರಬೇಕು. ಹಳೆಯ ಪದರದಲ್ಲಿ ಹಾಸು ನೂಲು ಯಾವ ದಿಕ್ಕಿಗಿತ್ತೆಂದು ಉಜ್ಜಿದ ಜಾಗದಲ್ಲಿ ಕಾಣುತ್ತದೆ, ಆ ಗೆರೆಯನ್ನು ಮಾರ್ಕರಿನಲ್ಲಿ ತೂತಿನ ಆಚೀಚೆ ದೋಣಿಯ ಮೈಮೇಲೆ ಎಳೆಯಿರಿ. ಆಮೇಲೆ ಮ್ಯಾಟ್, ರೋವಿಂಗ್, ಮ್ಯಾಟ್, ರೋವಿಂಗ್, ಮ್ಯಾಟ್, ರೋವಿಂಗ್, ಮ್ಯಾಟ್ ಹೀಗೆ ಏಳು ಪದರ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಸುಮಾರು 1 ಮಿ.ಮೀ., 600 ಗ್ರಾಂ ತೂಗುವ ರೋವಿಂಗ್ ಮುಕ್ಕಾಲು ಮಿ.ಮೀ. ದಪ್ಪ ಕೊಡುವುದರಿಂದ ಒಟ್ಟು ಆರನ್ನು ಸ್ವಲ್ಪ ದಾಟುತ್ತದೆ, ಉಜ್ಜಿ ಸಮ ಮಾಡಲು ಅಷ್ಟು ಬೇಕು. ಮೊದಲ ಮತ್ತು ಮೂರನೇ ರೋವಿಂಗ್ ಹಳೆಯ ಗೆರೆಗೆ ಸರಿಯಾಗಿ, ನಡುವಿನದು 45 ಡಿಗ್ರಿ ತಿರುಗಿಸಿ. ಅಲೆಯ ಹೊಡೆತಕ್ಕೆ ದೋಣಿಯ ಮೈ ತಿರುಚಿಕೊಳ್ಳುವಾಗ ಹೊರುವುದು ಆ ಓರೆ ಪದರ. ಎಲ್ಲ ಪದರವನ್ನೂ ಒಂದೇ ದಿಕ್ಕಿಗೆ ಹಾಸಿದ ತೇಪೆಯ ಮೂಲೆಗಳಲ್ಲಿ ಮೊದಲು ಕೂದಲೆಳೆ ಬಿರುಕು ಕಾಣಿಸಿಕೊಳ್ಳುತ್ತದೆ.

ರೆಸಿನ್ (ನಾರನ್ನು ನೆನೆಸಿ ಗಟ್ಟಿಯಾಗುವ ಅಂಟು ದ್ರವ) ಲೆಕ್ಕ: ಚದರ ಮೀಟರಿಗೆ 450 ಗ್ರಾಂ ಮ್ಯಾಟ್‌ಗೆ ಸುಮಾರು 1 ಕೆ.ಜಿ., 600 ಗ್ರಾಂ ರೋವಿಂಗ್‌ಗೆ ಸುಮಾರು 600 ಗ್ರಾಂ. ಇಲ್ಲಿನ ಸೆಕೆಗೆ ಹಾರ್ಡನರ್ ಶೇ. 1 ಸಾಕು. ಹಾರ್ಡನರನ್ನೂ, ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡನರ್. ರೋಲರನ್ನು ಬಟ್ಟೆಯ ನೂಲಿನುದ್ದಕ್ಕೆ ಓಡಿಸಿ. ಓರೆಯಾಗಿ ಎಳೆದರೆ ಒದ್ದೆ ಬಟ್ಟೆ ಜಾರಿ ಚೌಕಗಳು ವಜ್ರಾಕಾರವಾಗುತ್ತವೆ, ಅಷ್ಟು ಜಾಗ್ರತೆಯಿಂದ ಎಳೆದ ಗೆರೆ ದಂಡ. ಮಳೆಗಾಲದಲ್ಲಿ ನಾರಿನ ರೋಲು ತೇವ ಹೀರಿದ್ದರೆ ರೆಸಿನ್ ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಣ ಕೋಣೆಯಲ್ಲಿಡಿ.

ತಗಡು ಬಗ್ಗಿಸುವಾಗ, ಕಂಪ್ಯೂಟರಿಗೆ ಕೊಡುವಾಗ

ರೋಲಿಂಗ್ ಆದ, ಅಂದರೆ ಉರುಳೆಗಳ ನಡುವೆ ಒತ್ತಿ ತೆಳುವಾಗಿಸಿದ, ತಗಡಿನಲ್ಲಿ ಹರಳುಗಳು, ಅವುಗಳ ನಡುವಿನ ಕಲ್ಮಶದ ಗೆರೆಗಳು ರೋಲಿಂಗಿನ ದಿಕ್ಕಿಗೆ ಚಾಚಿಕೊಂಡಿರುತ್ತವೆ. ತಗಡನ್ನು ಸೀಮೆಎಣ್ಣೆಯಲ್ಲಿ ಒರೆಸಿ ಓರೆ ಬೆಳಕಿನಲ್ಲಿ ಹಿಡಿದರೆ ಸಣ್ಣ ಗೆರೆಗಳು ಕಾಣುತ್ತವೆ, ರೋಲಿಂಗ್ ದಿಕ್ಕು ಅದೇ. ಮಡಿಕೆಯ ಗೆರೆ ಈ ಗೆರೆಗಳಿಗೆ ಅಡ್ಡವಾಗಿರಲಿ. ಸಮಾಂತರವಾಗಿ ಮಡಚಿದರೆ ಹೊರಮೈ ಬಿರಿಯುತ್ತದೆ, ಗಟ್ಟಿ ಮಾಡಿದ ಅಲ್ಯುಮಿನಿಯಮ್ಮಿನಲ್ಲಿ ಬೇಗ. ಪೆಟ್ಟಿಗೆಯಂತೆ ನಾಲ್ಕು ಕಡೆಗೂ ಮಡಚಬೇಕಿದ್ದರೆ ತುಂಡನ್ನು ತಗಡಿನ ಮೇಲೆ 45 ಡಿಗ್ರಿ ತಿರುಗಿಸಿ ಗುರುತಿಸಿ. ಮೊದಲು 25 × 100 ಮಿ.ಮೀ.ನ ಎರಡು ಪಟ್ಟಿ ಎರಡು ದಿಕ್ಕಿಗೆ ಕತ್ತರಿಸಿ, ತಗಡಿನ ದಪ್ಪದ ಮೂರು ಪಟ್ಟು ತ್ರಿಜ್ಯಕ್ಕೆ ಮಡಚಿ ಭೂತಗನ್ನಡಿಯಲ್ಲಿ ಹೊರಮೈ ನೋಡಿ. ಬಿರುಕಿಲ್ಲದಿದ್ದರೆ ತ್ರಿಜ್ಯ ಇಳಿಸುತ್ತ ಹೋಗಿ. ಬಿಟ್ಟ ಮೇಲೆ ಎಷ್ಟು ಡಿಗ್ರಿ ಹಿಂದಕ್ಕೆ ಬಂತು ಎಂಬುದನ್ನು ಎರಡೂ ಪಟ್ಟಿಗೆ ಬೇರೆ ಬೇರೆ ಬರೆದಿಡಿ, ಅದೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ.

ಸುರತ್ಕಲ್, ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಭಾರಕ್ಕೆ ವಸ್ತು ಎಷ್ಟು ಬಾಗುತ್ತದೆಂದು ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ ವಸ್ತುವಿನ ಜಾಗದಲ್ಲಿ ತಾನಾಗಿ ಬರುವುದು ಸಾಮಾನ್ಯವಾಗಿ ಐಸೋಟ್ರೋಪಿಕ್. ಅದರ ಬಿಗುವನ್ನು ಪೂರ್ತಿ ಹೇಳಲು ಎರಡು ಸ್ವತಂತ್ರ ಸಂಖ್ಯೆ ಸಾಕು. ಒಂದೇ ಕಡೆಗೆ ನಾರಿರುವ ಪದರಕ್ಕೆ ಐದು, ಮರದಂಥದ್ದಕ್ಕೆ ಒಂಬತ್ತು, ಯಾವ ಸಮಮಿತಿಯೂ ಇಲ್ಲದ ಹರಳಿಗೆ ಇಪ್ಪತ್ತೊಂದು ಬೇಕು. ಸಂಖ್ಯೆ ತುಂಬಿದ ಮೇಲೂ ಪ್ರತಿ ತುಂಡಿಗೆ 1, 2, 3 ಎಂಬ ಅಕ್ಷಗಳು ಯಾವ ಕಡೆಗೆ ತಿರುಗಿವೆ ಎಂದು ತೆರೆಯ ಮೇಲೆ ತೋರಿಸಿ ನೋಡಿ. ಬಾಗಿದ ಮೈಯ ದೋಣಿಯಲ್ಲಿ ಅಕ್ಷಗಳು ಮೈಯ ಜೊತೆ ತಿರುಗದೆ ಇಡೀ ಮಾದರಿಯ ಸ್ಥಿರ ಅಕ್ಷಕ್ಕೇ (ಗ್ಲೋಬಲ್ ಅಕ್ಷ) ಅಂಟಿಕೊಂಡಿದ್ದರೆ ಉತ್ತರ ಸರಾಗವಾಗಿ ಬರುತ್ತದೆ, ಬಣ್ಣದ ಚಿತ್ರವೂ ಚೆಂದ ಕಾಣುತ್ತದೆ, ಅಂಕಿ ಮಾತ್ರ ತಪ್ಪು. ಪರಿಶೀಲನೆಗೆ ಮೊದಲು ಒಂದು ಚಪ್ಪಟೆ ಪಟ್ಟಿಯ ಮಾದರಿ ಮಾಡಿ, 0, 45, 90 ಡಿಗ್ರಿಗೆ ಬಾಗಿಸಿ, ಮೇಲೆ ಹೇಳಿದ ನೀರಿನ ಬಾಟ್ಲಿಯ ಪರೀಕ್ಷೆಯ ಅಳತೆಗಳ ಪಕ್ಕದಲ್ಲಿಟ್ಟು ನೋಡಿ. ಮೂರೂ ಹೊಂದಿದರೆ ಮಾತ್ರ ದೊಡ್ಡ ಮಾದರಿಗೆ ಕೈ ಹಾಕಿ.